ಗಾರೆಯವನಿಲ್ಲದ ಗಾರೆಯವರ ಬಳಗ

ಒಂದು ಸೋದರ ಬಳಗದ ಯೋಗ್ಯತೆ ತಿಳಿಯಬೇಕಾದರೆ ಅದು ವರ್ಷಕ್ಕೆ ಎಷ್ಟು ದಾನ ಮಾಡುತ್ತದೆ ಎಂದು ಕೇಳಿ ಪ್ರಯೋಜನವಿಲ್ಲ. ಅದರಿಂದ ನೆರವು ಪಡೆದವರಲ್ಲಿ ಎಷ್ಟು ಜನ ಮುಂದೆ ಅದರ ಸದಸ್ಯರಾದರು ಎಂದು ಕೇಳಬೇಕು. ಈ ಪ್ರಶ್ನೆಯನ್ನು ನಾನು ಹಲವರಿಗೆ ಕೇಳಿದ್ದೇನೆ. ನೇರ ಉತ್ತರ ಈವರೆಗೆ ಸಿಕ್ಕಿಲ್ಲ. ಸಿಗುವುದು ಸಾಮಾನ್ಯವಾಗಿ ಒಂದು ಫೋಟೊ ಆಲ್ಬಮ್ಮು.

ಹಲಸೂರಿನಲ್ಲಿ ಮೂವತ್ತು ವರ್ಷದಿಂದ ಬಾಳುತ್ತಿರುವ ನನ್ನಂಥ ಕಾಲೇಜು ಮೇಷ್ಟರಿಗೆ ಇಂಥ ಬಳಗಗಳಿಂದ ಕರೆ ಬರುವುದು ಹೊಸದೇನಲ್ಲ. ಹೋದ ವರ್ಷ ಬಂದ ಕರೆ ಫ್ರೀಮೇಸನ್ ಪರಂಪರೆಯ ಒಂದು ಲಾಡ್ಜಿನದು. ಅದರ ಹೆಸರು ಇಲ್ಲಿ ಬೇಡ. “ಬನ್ನಿ ಮೇಷ್ಟ್ರೇ, ನಿಮ್ಮಂಥೋರು ಬೇಕು. ತಿಂಗಳಿಗೊಂದು ಸಂಜೆ. ಒಳ್ಳೇ ಜನ, ಒಳ್ಳೇ ಊಟ, ಜತೆಗೆ ನಾಲ್ಕು ಜನಕ್ಕೆ ಉಪಕಾರ” ಎಂದರು ಗೆಳೆಯರು. ಕೆಲವು ದಿನ ಬಿಟ್ಟು ಇಬ್ಬರು ಸದಸ್ಯರು ಮನೆಗೆ ಬಂದರು. ದೇವರಲ್ಲಿ ನಂಬಿಕೆ ಇದೆಯೇ, ಮನೆಯವರ ಒಪ್ಪಿಗೆ ಇದೆಯೇ, ಸಂಸಾರಕ್ಕೆ ತೊಂದರೆಯಾಗದಂತೆ ಚಂದಾ ಕಟ್ಟಬಲ್ಲೆನೇ ಎಂದು ಬಹಳ ಸೌಜನ್ಯದಿಂದ ವಿಚಾರಿಸಿದರು. ನನ್ನ ಸರದಿ ಬಂದಾಗ ಒಂದೇ ಮಾತು ಕೇಳಿದೆ: “ನಿಮ್ಮಲ್ಲಿ ಗಾರೆ ಕೆಲಸದವರು ಯಾರಾದರೂ ಇದ್ದಾರಾ?” ಇಬ್ಬರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಕೊನೆಗೆ ನಾನು ಸೇರಲಿಲ್ಲ. ಯಾಕೆ ಸೇರಲಿಲ್ಲವೆಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಇದನ್ನು ಓದುವ ಹುಡುಗ ಹುಡುಗಿಯರಿಗೂ ನಾಳೆ ಕೆಲಸ, ಹೆಸರು, ಒಂದಿಷ್ಟು ದುಡ್ಡು ಬಂದಮೇಲೆ ಯಾವುದೋ ಒಂದು ಬಳಗದಿಂದ ಇಂಥದೇ ಕರೆ ಬರಲಿದೆ.

ಮೇಸನ್ ಎಂದರೆ ಗಾರೆಯವನು, ಕಲ್ಲು ಕಟ್ಟುವವನು. ಈ ಬಳಗದ ಗುರುತುಗಳೆಲ್ಲ ಅವನ ಚೀಲದಿಂದ ಎತ್ತಿಕೊಂಡವು: ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆ, ಸೊಂಟಕ್ಕೆ ಕಟ್ಟುವ ಏಪ್ರನ್. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೇರೀಸ್ ಚಾಪೆಲ್ ಎಂಬ ಲಾಡ್ಜಿನ ನಡಾವಳಿ ಪುಸ್ತಕಗಳು 1599ರಿಂದ ಉಳಿದುಬಂದಿವೆ. ಅಲ್ಲಿ ಕಾಣುವುದು ನಿಜವಾದ ಕಲ್ಲುಕುಟಿಗರ ಲೋಕ. ಯಾರು ಕೆಲಸ ಕಲಿಯುವವನು, ಯಾರು ಮೇಸ್ತ್ರಿ, ಯಾರು ಕಸುಬಿನ ನಿಯಮ ಮೀರಿದರು, ಅದಕ್ಕೆ ದಂಡ ಎಷ್ಟು ಎಂಬ ಲೆಕ್ಕಾಚಾರ. ಅಂಥ ಲಾಡ್ಜುಗಳಿಗೆ ಒಂದು ಪೆಟ್ಟಿಗೆ ಇರುತ್ತಿತ್ತು. ದುಡಿಯುವಾಗ ಎಲ್ಲರೂ ಅದಕ್ಕೆ ಕಾಸು ಹಾಕಬೇಕು. ಸಾರುವೆಯಿಂದ ಬಿದ್ದು ಕಾಲು ಮುರಿದವನಿಗೆ, ಸತ್ತವನ ಹೆಂಡತಿಗೆ ಅದರಿಂದ ಹಣ. ಇವತ್ತು ನಾನು ಹಾಕುವುದು, ನಾಳೆ ನಾನೇ ಪಡೆಯುವುದು. ಕೊಡುವವನು ಬೇರೆ, ಪಡೆಯುವವನು ಬೇರೆ ಎಂಬ ಭೇದವೇ ಅಲ್ಲಿರಲಿಲ್ಲ.

ಆಮೇಲೆ ಆ ಮನೆಗೆ ಬೇರೆಯವರು ಬಂದರು. 1646ರಲ್ಲಿ ಎಲಿಯಸ್ ಆಶ್ಮೋಲ್ ಎಂಬ ಇಂಗ್ಲಿಷ್ ವಿದ್ವಾಂಸ ತಾನು ಮೇಸನ್ ಆದದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಅವನ ಕಸುಬು ಗೋಡೆ ಕಟ್ಟುವುದಾಗಿರಲಿಲ್ಲ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಎಂದು ಸಂಸ್ಥೆ ತಾನೇ ಹೇಳಿಕೊಳ್ಳುತ್ತದೆ. 1721ರ ಹೊತ್ತಿಗೆ ಅದರ ತಲೆಯ ಮೇಲೆ ಒಬ್ಬ ಡ್ಯೂಕ್ ಕೂತಿದ್ದ. ನೂರು ವರ್ಷ ಕಳೆಯುವುದರಲ್ಲಿ ಕರಣೆ ಬೆಳ್ಳಿಯದಾಯಿತು, ಏಪ್ರನ್ನಿಗೆ ಅಂಚು ಬಂತು, ಗಾರೆಯವನು ಹೊರಗೆ ಉಳಿದ. ಅವನ ಉಪಕರಣಗಳು ಒಳಗಿದ್ದವು, ಉಪಮೆಗಳಾಗಿ. ತೂಗುಗುಂಡು ಎಂದರೆ ನೇರ ನಡತೆ, ಮಟ್ಟ ಎಂದರೆ ಸಮಾನತೆ ಎಂದು ಅಲ್ಲಿ ಪಾಠ ಮಾಡುತ್ತಾರೆ. ಪಾಠ ಚೆನ್ನಾಗಿದೆ. ಆದರೆ ರಸಮಟ್ಟವನ್ನು ದಿನಾ ಕೈಯಲ್ಲಿ ಹಿಡಿಯುವವನಿಗೆ ಆ ಸಮಾನತೆಯ ಕೋಣೆಯಲ್ಲಿ ಕುರ್ಚಿಯಿಲ್ಲ.

ನಮ್ಮ ದೇಶದಲ್ಲಿ ಈ ಬಾಗಿಲು ಇನ್ನೂ ಬಿಗಿಯಾಗಿತ್ತು. ಬ್ರಿಟಿಷ್ ಪಡೆಗಳ ಜೊತೆಗೇ ಲಾಡ್ಜುಗಳೂ ಊರೂರು ತಿರುಗುತ್ತಿದ್ದವು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿತು. ಹಲಸೂರು ಕೆರೆಯ ಸುತ್ತಮುತ್ತ ಸಿಪಾಯಿಗಳು, ಅಡಿಗೆಯವರು, ಅಗಸರು, ಗಾರೆಯವರು ಬಂದು ತುಂಬಿಕೊಂಡರು. ಬಂಗಲೆ, ಬ್ಯಾರಕ್ಕು, ಚರ್ಚುಗಳನ್ನು ಕಟ್ಟಿದವರು ಇವರೇ. ಮೇಸನರು ಎಂದು ಕರೆಸಿಕೊಂಡವರು ಮಾತ್ರ ಬಂಗಲೆಯೊಳಗಿನ ಅಧಿಕಾರಿಗಳು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತ ಎಂಬ ವರ್ತಕ 1863ರಲ್ಲಿ ಲಾಡ್ಜಿಗೆ ಸೇರಲು ಅರ್ಜಿ ಹಾಕಿದ. ಹಿಂದೂ ಒಬ್ಬ ‘ವಿಶ್ವ ಸೋದರತ್ವ’ದೊಳಗೆ ಬರಬಹುದೇ ಎಂದು ತೀರ್ಮಾನವಾಗುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಅವನು ಒಳಗೆ ಹೋದದ್ದು 1872ರಲ್ಲಿ. ಅದೇ ಲಾಡ್ಜಿಗೆ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಮುಂದೆ ಜಗತ್ತು ಅವನನ್ನು ವಿವೇಕಾನಂದ ಎಂದು ಕರೆಯಿತು. 1961ರ ನವೆಂಬರ್ 24ರಂದು ಭಾರತದ್ದೇ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾಯಿತು. ಇವತ್ತು ನಮ್ಮ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್ಲು ಒಂದೇ ಮೇಜಿನ ಮೇಲಿರುತ್ತವೆ. ಇದು ಸಣ್ಣ ಮಾತಲ್ಲ. ಈಗಿನ ಕಾಲದಲ್ಲಂತೂ ಅಲ್ಲ. ಧರ್ಮದ ಗೋಡೆ ದಾಟಿದವರು ಕೂಲಿಯ ಗೋಡೆ ದಾಟಲಿಲ್ಲ, ಹೆಂಗಸರಿಗೆ ಬಾಗಿಲು ತೆಗೆಯಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಇಂಥ ಬಳಗಗಳ ಮೇಲೆ ಸಾಮಾನ್ಯವಾಗಿ ಇರುವ ಟೀಕೆ ಒಂದೇ: ಅವರು ತಮ್ಮವರನ್ನು ಮಾತ್ರ ನೋಡಿಕೊಳ್ಳುತ್ತಾರೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ತಮ್ಮವರನ್ನು ನೋಡಿಕೊಳ್ಳುವುದೇ ಅವರು ಮಾಡುವ ಅತ್ಯುತ್ತಮ ಕೆಲಸ. 1788ರಲ್ಲಿ ಲಂಡನ್ನಿನ ಮೇಸನರು ಬಡವರಾದ, ತೀರಿಕೊಂಡ ಸದಸ್ಯರ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆ ಹುಡುಗಿಯರಿಗೆ ಅದು ತಂದೆಯ ಬಳಗ ಸಲ್ಲಿಸಿದ ಬಾಕಿ, ಭಿಕ್ಷೆಯಲ್ಲ. ಇವತ್ತೂ ಸದಸ್ಯನೊಬ್ಬನ ವ್ಯಾಪಾರ ಮುಳುಗಿದರೆ, ಅವನ ಹೆಂಡತಿಗೆ ಆಪರೇಷನ್ ಆಗಬೇಕಾದರೆ ಸೋದರರು ಹಣ ಹೊಂದಿಸುತ್ತಾರೆ. ಬ್ಯಾನರ್ ಇಲ್ಲ, ಭಾಷಣವಿಲ್ಲ, ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಅಲ್ಲಿ ಅಕ್ಷರಶಃ ನಡೆಯುತ್ತದೆ.

ಅದೇ ಕೈ ಹೊರಗಿನವರಿಗೆ ಕೊಡುವಾಗ ಏನಾಗುತ್ತದೆ? ಕೆಲವು ವರ್ಷದ ಹಿಂದೆ ಇನ್ನೊಂದು ಸೇವಾ ಬಳಗದ ಹೊಲಿಗೆ ಯಂತ್ರ ವಿತರಣೆಗೆ ನಾನು ಹೋಗಿದ್ದೆ. ಒಬ್ಬ ಹೆಂಗಸು ತನ್ನ ಪಾಲಿನ ಯಂತ್ರ ತೆಗೆದುಕೊಂಡು ಕೆಳಗಿಳಿದಾಗಿತ್ತು. ಅಷ್ಟರಲ್ಲಿ ಮುಖ್ಯ ಅತಿಥಿ ತಡವಾಗಿ ಬಂದರು. ಆಕೆಯನ್ನು ಮತ್ತೆ ವೇದಿಕೆಗೆ ಕರೆದು, ಯಂತ್ರವನ್ನು ವಾಪಸ್ ಮೇಜಿನ ಮೇಲಿಡಿಸಿ, ಇನ್ನೊಂದು ಸಲ ‘ಕೊಟ್ಟರು’. ನಗಮ್ಮ ಎಂದರು ಫೋಟೊದವರು. ಆಕೆ ನಕ್ಕಳು. ಆ ಯಂತ್ರ ಅವಳ ಮನೆಯಲ್ಲಿ ಓಡುತ್ತಿರಬಹುದು, ಅವಳ ಮಕ್ಕಳ ಫೀಸು ಅದರಿಂದಲೇ ಕಟ್ಟುತ್ತಿರಬಹುದು. ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಒಳಗಿನವನ ಮಾನಕ್ಕೆ ಪರದೆ, ಹೊರಗಿನವಳ ಬಡತನಕ್ಕೆ ಫ್ಲಾಶ್ ಲೈಟು ಎಂಬ ಈ ಎರಡು ಅಳತೆಗೋಲನ್ನು ಯಾವ ಮೂಲೆಮಟ್ಟ ಇಟ್ಟು ಸರಿ ಎನ್ನುತ್ತೀರಿ?

ದಂಡು ಪ್ರದೇಶದ ಕ್ಲಬ್ಬುಗಳ ಚರಿತ್ರೆಯಲ್ಲಿ ಇದಕ್ಕೆ ಒಂದು ಸೊಗಸಾದ ಪುರಾವೆಯಿದೆ. 1868ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿನ 1899ರ ನಡಾವಳಿಯಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಇದೆ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಎಂಬವನ ಹೆಸರಿನ ಮುಂದೆ 13 ರೂಪಾಯಿ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್ಸ್ಟನ್ ಚರ್ಚಿಲ್ ಅವನೇ. ಬಾಕಿಯನ್ನು ಬಿಟ್ಟುಬಿಟ್ಟರು. ಇವತ್ತು ಅದು ಬೆಂಗಳೂರಿನವರು ಅತಿಥಿಗಳಿಗೆ ನಗುತ್ತ ಹೇಳುವ ಹೆಮ್ಮೆಯ ಕತೆ. ಸದಸ್ಯನ ಸಾಲ ಹೀಗೆ ದಂತಕತೆಯಾಗುತ್ತದೆ. ಮನೆಗೆಲಸದವಳು ಮುಂಗಡ ಪಡೆದ 500 ರೂಪಾಯಿ ಎರಡು ತಿಂಗಳು ಬಾಕಿ ಉಳಿದರೆ ಅದನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಒಳಗೂ ಹೊರಗೂ ನಡುವಿನ ಅಂತರ ಹಣದ್ದಲ್ಲ, ನಂಬಿಕೆಯದು. ಸದಸ್ಯನನ್ನು ನಂಬುತ್ತೇವೆ. ಫಲಾನುಭವಿಯಿಂದ ರೇಷನ್ ಕಾರ್ಡಿನ ಜೆರಾಕ್ಸ್ ಕೇಳುತ್ತೇವೆ.

ಈಗ 1905ನೇ ಇಸವಿಗೆ ಬನ್ನಿ. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರನ್ನು ಸೇರಿಸಿಕೊಂಡು ರೋಟರಿ ಶುರುಮಾಡಿದ. ಅದೇ ವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಸೇರಿಸಿಕೊಂಡು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದಲ್ಲಿ ಆ ಬಗೆಯದು ಅದೇ ಮೊದಲು. ಎರಡೂ ಬಳಗಗಳೇ, ಎರಡೂ ಪರಸ್ಪರ ನಂಬಿಕೆಯ ಮೇಲೆ ನಿಂತವೇ. ಶಿಕಾಗೋದ ಬಳಗ ತನ್ನ ಸದಸ್ಯರನ್ನು ವ್ಯಾಪಾರಿಗಳಿಂದ, ವೃತ್ತಿಯವರಿಂದ ಆರಿಸಿಕೊಂಡಿತು, ಸೇವೆಗೆ ಬಡವರನ್ನು ಹುಡುಕಿತು. ಕಣಗಿನಹಾಳದಲ್ಲಿ ಸಾಲ ಬೇಕಾದವನೇ ಸದಸ್ಯ, ಸಾಲ ಕೊಡುವವನೂ ಸದಸ್ಯ. ಶಿಕಾಗೋದ ಮಾದರಿ 1934ರಲ್ಲಿ ಬೆಂಗಳೂರಿಗೆ ಬಂತು. ಅದರ ಇತಿಹಾಸ ನಮ್ಮ ನಗರದ ಓದುಬಲ್ಲವರಿಗೆಲ್ಲ ಅಷ್ಟಿಷ್ಟು ಗೊತ್ತು. ಕಣಗಿನಹಾಳದ ಹೆಸರು ನನ್ನ ತರಗತಿಯಲ್ಲಿ ಕೇಳಿದರೆ ನಾಲ್ಕು ಕೈ ಮೇಲೇಳುವುದಿಲ್ಲ. ಸೋದರತ್ವವನ್ನು ನಾವು ಎಲ್ಲಿಂದ ಕಲಿತೆವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

“ಇಷ್ಟೆಲ್ಲ ಮಾತಾಡ್ತೀರಲ್ಲ, ಪೋಲಿಯೊ ಓಡಿಸಿದ್ದು ಯಾರು?” ಎಂದು ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧದ ಕೆಲಸ ಕೈಗೆತ್ತಿಕೊಂಡಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆ ಮನೆ ತಿರುಗಿದ ಲಕ್ಷಾಂತರ ಕಾರ್ಯಕರ್ತೆಯರು ಎಲ್ಲರ ಶ್ರಮ ಸೇರಿ 2011ರ ಜನವರಿ 13ರ ಪ್ರಕರಣವೇ ಭಾರತದ ಕೊನೆಯದಾಯಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಇದಕ್ಕೆ ನನ್ನ ಪೂರಾ ನಮಸ್ಕಾರ. ಆದರೆ ಆ ಕೆಲಸ ಯಾಕೆ ಗೆದ್ದಿತು ಎಂದು ನೋಡಿ. ಹನಿ ಹಾಕುವವರು ಇಂದಿರಾನಗರದ ಬಂಗಲೆಯ ಮಗುವನ್ನೂ ಮರ್ಫಿ ಟೌನಿನ ವಠಾರದ ಮಗುವನ್ನೂ ಒಂದೇ ಸಮನಾಗಿ ನೋಡಿದರು. ಮಗು ಬಾಯಿ ತೆರೆಯಿತು, ಎರಡು ಹನಿ ಬಿತ್ತು, ಬೆರಳಿಗೆ ಗುರುತು, ಮುಗಿಯಿತು. ಆ ಮಗು ಇವತ್ತು ಯಾರಿಗೂ ಋಣಿಯಲ್ಲ. ಎಲ್ಲರಿಗೂ ಸಿಗುವುದಾದರೆ ಅದರಲ್ಲಿ ಯಾರೂ ಫಲಾನುಭವಿಗಳಿರುವುದಿಲ್ಲ. ಪೋಲಿಯೊ ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ.

ಹಲಸೂರಿಗೆ ಇದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಅಟ್ಟಾರ ಕಚೇರಿಯ ಗುತ್ತಿಗೆದಾರರಾಗಿದ್ದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡ ಮಕ್ಕಳಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಕೆರೆಯ ಬಳಿ ಇವತ್ತೂ ನಿಂತಿರುವ ಆರ್‌ಬಿಎಎನ್‌ಎಂ ಸಂಸ್ಥೆಗಳ ಬೇರು ಅಲ್ಲಿದೆ. ಕಟ್ಟಡ ಕಟ್ಟಿ ಗಳಿಸಿದವರು ಕಟ್ಟಡದ ಬಾಗಿಲನ್ನೇ ತೆರೆದಿಟ್ಟರು. ಅಲ್ಲಿ ಓದಿ ಹೊರಬಂದವನು ಹಳೆಯ ವಿದ್ಯಾರ್ಥಿ ಎನಿಸಿಕೊಳ್ಳುತ್ತಾನೆ. ಫಲಾನುಭವಿ ಎಂದು ಅವನನ್ನು ಯಾರೂ ಕರೆಯುವುದಿಲ್ಲ. ಕೆರೆಯ ಪಕ್ಕದ ಕೆನ್ಸಿಂಗ್ಟನ್ ರಸ್ತೆಯ ಗುರುದ್ವಾರಕ್ಕೆ ಹೋಗಿ ಲಂಗರಿನ ಸಾಲಿನಲ್ಲಿ ಕೂತು ನೋಡಿ. ಪಕ್ಕದಲ್ಲಿ ಉಣ್ಣುತ್ತಿರುವವನು ಗೋಧಿ ಕೊಟ್ಟವನೋ ಹಸಿದು ಬಂದವನೋ ನಿಮಗೆ ತಿಳಿಯುವುದಿಲ್ಲ. ತಿಳಿಯದ ಹಾಗೆ ಇರುವುದೇ ಅಲ್ಲಿಯ ವ್ಯವಸ್ಥೆ. ನಮ್ಮ ಬಸವಣ್ಣನವರ ಕಾಲದ ಶರಣರು ದಾನ ಎಂಬ ಮಾತಿಗಿಂತ ದಾಸೋಹ ಎಂಬ ಮಾತನ್ನು ಮೆಚ್ಚಿಕೊಂಡದ್ದರ ಹಿಂದೆ ಇದೇ ವಿವೇಕವಿದೆ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನು ಆಳು.

ಮೂರನೆಯದು ಯಾವ ಫಲಕವೂ ಇಲ್ಲದ ಬಳಗ. ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ ಗಾರೆಯವರು, ಪೇಂಟಿನವರು, ಆಟೊದವರು ಸೇರಿ ಒಂದು ‘ಸಾವಿನ ಫಂಡು’ ನಡೆಸುತ್ತಾರೆ. ಮನೆಗೆ ತಿಂಗಳಿಗೆ 50 ರೂಪಾಯಿ. ಯಾರ ಮನೆಯಲ್ಲಾದರೂ ಸಾವಾದರೆ ಒಂದು ಗಂಟೆಯೊಳಗೆ ಶಾಮಿಯಾನ, ಕುರ್ಚಿ, ಹೂವು, ವ್ಯಾನು, ಬಂದವರಿಗೆ ಕಾಫಿ, ಎಲ್ಲ ಸಿದ್ಧ. ಹೆಂಡತಿ ಮಕ್ಕಳು ಅಳುವುದಷ್ಟೇ ಅವರ ಕೆಲಸ. ಒಬ್ಬ ಮೇಸ್ತ್ರಿಯನ್ನು ಕೇಳಿದೆ: “ಕಂತು ಕಟ್ಟದವರ ಮನೇಲಿ ಸಾವಾದ್ರೆ?” ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ ಅಂದ: “ಸಾರ್, ಹೆಣ ಮುಂದೆ ಮಲಗಿರೋವಾಗ ಬುಕ್ ಯಾರ್ ತೆಗೀತಾರೆ? ಆಮೇಲೆ ಕಟ್ತಾರೆ.” ಲಾಡ್ಜಿನ ಎಲ್ಲ ಪದವಿಗಳನ್ನು ಏರಿ ಕಲಿಯಬೇಕಾದದ್ದು ಇದನ್ನೇ ಅಲ್ಲವೇ? ನಾನು ಸೇರಿದ್ದು ಈ ಬಳಗಕ್ಕೆ. ಇದರಲ್ಲಿ ಔದಾರ್ಯವೇನೂ ಇಲ್ಲ. ನನಗೂ ಒಂದು ದಿನ ವ್ಯಾನು ಬೇಕಾಗುತ್ತದೆ.

ನನ್ನ ಮಾತಿಗೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಗೆಳೆಯರನ್ನು ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇಲ್ಲವೇ ಎಂಬುದು. ಖಂಡಿತ ಇದೆ. ತಿಂಗಳಿಗೊಮ್ಮೆ ಕೂತು ಉಂಡು ಹರಟುವ ಗೆಳೆಯರ ಕೂಟಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅದನ್ನು ಗೆಳೆಯರ ಕೂಟ ಎಂದೇ ಕರೆಯಿರಿ. ವಿಶ್ವ ಸೋದರತ್ವ ಎಂಬ ಬೋರ್ಡು ಹಾಕಿದ ಮೇಲೆ ವಿಶ್ವದಲ್ಲಿ ಗಾರೆಯವನೂ ಇದ್ದಾನೆ ಎಂದು ಕೇಳುವ ಹಕ್ಕು ನನಗೂ ಇದೆ. ಎರಡನೆಯದು, ಬಡವರು ಅಷ್ಟು ಚಂದಾ ಎಲ್ಲಿಂದ ತರುತ್ತಾರೆ ಎಂಬ ಅನುಕಂಪ. ಇಂಗ್ಲೆಂಡಿನ ಕಾರ್ಖಾನೆ ಕೆಲಸಗಾರರು ಆಡ್‌ಫೆಲೋಸ್ ಮೊದಲಾದ ಬಳಗಗಳಲ್ಲಿ ವಾರವಾರ ಪೆನ್ನಿ ಕಟ್ಟಿ ಕಾಯಿಲೆಗೆ, ಸಾವಿಗೆ ಹಣ ಪಡೆದರು. 1911ರಲ್ಲಿ ಬ್ರಿಟನ್ ಸರ್ಕಾರ ರಾಷ್ಟ್ರೀಯ ವಿಮೆಯ ಕಾನೂನು ತಂದಾಗ ಅದನ್ನು ನಡೆಸಲು ಇಂಥ ಬಳಗಗಳನ್ನೇ ಬಳಸಿಕೊಂಡಿತು. ಬಡವರು ಕಟ್ಟಲಾರರು ಎಂಬುದು ಸುಳ್ಳು. ನಿಮ್ಮ ಔತಣದ ತಟ್ಟೆಯ ಬೆಲೆಯನ್ನು ಅವರು ಕಟ್ಟಲಾರರು, ಅಷ್ಟೇ. ತಟ್ಟೆಯ ಬೆಲೆ ಇಳಿಸಿ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: “ಏನೂ ಮಾಡದವರಿಗಿಂತ ಅವರು ವಾಸಿಯಲ್ಲವೇ?” ವಾಸಿ. ಕಣ್ಣಿನ ಆಪರೇಷನ್ ಮಾಡಿಸಿದವರ ಮುಂದೆ ನಿಂತು ಯಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಏನೂ ಮಾಡದವರ ಜತೆ ಹೋಲಿಸಿಕೊಳ್ಳುವುದು ಸೋದರರಿಗೆ ಶೋಭಿಸುವ ಹೋಲಿಕೆಯಲ್ಲ. ಅವರು ಮಾಡಬಹುದಾದದ್ದರ ಜತೆ ಹೋಲಿಸಿ ನೋಡೋಣ. 1996ರ ಕೇಂದ್ರ ಕಾನೂನಿನ ಫಲವಾಗಿ ನಮ್ಮ ರಾಜ್ಯದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಕಟ್ಟಡದ ವೆಚ್ಚದ ಮೇಲೆ ಶೇಕಡ 1ರಷ್ಟು ಸೆಸ್ ಅದಕ್ಕೆ ಸೇರುತ್ತದೆ. ನೋಂದಾಯಿತ ಕಾರ್ಮಿಕರಿಗೆ ಪಿಂಚಣಿ, ಅಪಘಾತದ ಪರಿಹಾರ, ಮಕ್ಕಳ ಓದಿಗೆ ನೆರವು, ಅಂತ್ಯಸಂಸ್ಕಾರಕ್ಕೆ ಹಣ ಅದರಿಂದ ಸಿಗಬೇಕು. ಹಳೆಯ ಲಾಡ್ಜಿನ ಪೆಟ್ಟಿಗೆಯೇ ದೊಡ್ಡದಾಗಿ ಬಂದಂತಿದೆ. ನೋಂದಣಿಗೆ ಮುಖ್ಯವಾಗಿ ಬೇಕಾದದ್ದು ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ. ದಿನಕ್ಕೊಂದು ಕಡೆ ಕೆಲಸ ಮಾಡುವವನಿಗೆ ಆ ಕಾಗದಕ್ಕೆ ಸಹಿ ಹಾಕುವವರು ಸಿಗುವುದಿಲ್ಲ. ಓಣಿಯಲ್ಲಿ ನಾನು ಕೇಳಿದ ದೂರುಗಳಲ್ಲಿ ಮೊದಲನೆಯದು ಇದೇ.

ನಮ್ಮ ಊರಿನ ಸೋದರ ಬಳಗಗಳಲ್ಲಿ ಗುತ್ತಿಗೆದಾರರು, ಆರ್ಕಿಟೆಕ್ಟರು, ಬಿಲ್ಡರುಗಳು, ಆಡಿಟರುಗಳು ಇದ್ದಾರೆ. ಸಹಿ ಹಾಕಬಲ್ಲ ಕೈಗಳು ಅವರವೇ. ತಮ್ಮ ಕಟ್ಟಡದಲ್ಲಿ ದುಡಿದ ಪ್ರತಿಯೊಬ್ಬ ಗಾರೆಯವನಿಗೆ, ಜಲ್ಲಿ ಹೊತ್ತ ಪ್ರತಿಯೊಬ್ಬ ಹೆಂಗಸಿಗೆ ಒಂದೊಂದು ಸಹಿ. ಅದಕ್ಕೆ ವೇದಿಕೆ ಬೇಡ, ಹಾರ ಬೇಡ, ಸದಸ್ಯರ ಜೇಬಿನಿಂದ ಒಂದು ರೂಪಾಯಿಯೂ ಬೇಡ. ಹೊಲಿಗೆ ಯಂತ್ರ ಹಂಚುವ ಬಳಗಕ್ಕೆ ಈ ಸಹಿ ಯಾಕೆ ಕಷ್ಟವಾಗುತ್ತದೆ? ಹೊಲಿಗೆ ಯಂತ್ರ ಕೊಟ್ಟರೆ ಕೃತಜ್ಞತೆ ಸಿಗುತ್ತದೆ. ಸಹಿ ಕೊಟ್ಟರೆ ಅವನು ನಿಮ್ಮ ಕೆಲಸಗಾರ ಎಂದು ಒಪ್ಪಿಕೊಂಡಂತೆ. ಅವನಿಗೆ ನಿಮ್ಮ ಮೇಲೆ ಹಕ್ಕು ಬರುತ್ತದೆ. ದಾನ ಮಾಡುವವರು ಅನೇಕರು ಹಕ್ಕು ಎಂಬ ಮಾತು ಬಂದ ಕೂಡಲೇ ಗಡಿಯಾರ ನೋಡಿಕೊಳ್ಳುತ್ತಾರೆ.

ಆದ್ದರಿಂದ, ಕರೆ ಬಂದಾಗ ಸೇರಬೇಡಿ ಎಂದು ನಾನು ಹೇಳುವುದಿಲ್ಲ. ಒಂಟಿಯಾಗಿ ಬಾಳುವುದನ್ನೇ ದೊಡ್ಡತನ ಎಂದುಕೊಂಡಿರುವ ಈ ನಗರದಲ್ಲಿ ಮನುಷ್ಯರು ಬಳಗ ಕಟ್ಟಿಕೊಳ್ಳಬೇಕು, ಚಂದಾ ಎತ್ತಬೇಕು, ಒಬ್ಬರ ಕಷ್ಟಕ್ಕೆ ಒಬ್ಬರು ಆಗಬೇಕು. ಸೇರುವ ಮುಂಚೆ ಮೂರು ಮಾತು ಕೇಳಿ. ಹೋದ ವರ್ಷ ನಿಮ್ಮಿಂದ ನೆರವು ಪಡೆದ ಒಬ್ಬರಾದರೂ ಈ ವರ್ಷ ನಿಮ್ಮ ಜತೆ ಕೂತು ಓಟು ಹಾಕುತ್ತಾರಾ? ಊಟಕ್ಕೆ, ಪದಕಕ್ಕೆ, ಬ್ಯಾನರಿಗೆ ಹೋದ ಹಣವನ್ನೂ ಕಷ್ಟಕ್ಕೆ ಹೋದ ಹಣವನ್ನೂ ಒಂದೇ ಪುಟದಲ್ಲಿ ಬರೆದು ತೋರಿಸುತ್ತೀರಾ? ಸದಸ್ಯನ ಮನೆಯ ಕಷ್ಟಕ್ಕೆ ಕ್ಯಾಮೆರಾ ಬರುವುದಿಲ್ಲವಾದರೆ ಹೊರಗಿನವರ ಕಷ್ಟಕ್ಕೂ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತೀರಾ?

ಮೂರಕ್ಕೂ ಹೌದು ಎಂದವರು ಸಿಕ್ಕರೆ ಆ ದಿನವೇ ಸೇರಿ. ನನಗೂ ಒಂದು ಮಾತು ತಿಳಿಸಿ, ನಾನೂ ಬರುತ್ತೇನೆ, ನಮ್ಮ ಓಣಿಯ ಮೇಸ್ತ್ರಿಯನ್ನೂ ಕರೆದುಕೊಂಡು. ಕರಣೆ ಅವನ ಹತ್ತಿರ ಇದೆ.